ನದಿ ದಾಟಿ ಹೋದ ಗುರು: ಸಂತ ಜೋಸೆಫ್ ವಾಜ್

ಪ್ರತಿ ವರ್ಷ ಜನವರಿ 16ರಂದು ಪವಿತ್ರ ಸಭೆಯು ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತದೆ. ಕುಂದಾಪುರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ ಪರಿಸರದ ಕಥೋಲಿಕರಾದ ನಮಗೆ ಈ ಸಂತರು ದೂರದವರಲ್ಲ. ಅವರು ನಮ್ಮ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದವರು, ನಮ್ಮ ಹೊಳೆಗಳನ್ನು ದೋಣಿಯಲ್ಲಿ ದಾಟಿದವರು. ಆದರೂ ಅವರನ್ನು ನಾವು ಹೆಚ್ಚಾಗಿ ಶ್ರೀಲಂಕೆಯ ಅಪೊಸ್ತಲರೆಂದು ಮಾತ್ರ ನೆನಪಿಸಿಕೊಳ್ಳುತ್ತೇವೆ. ಲಂಕೆಯ ಕಾಡುಗಳಿಗೆ ಹೋಗುವ ಮೊದಲು ಅವರು ಕೆನರಾದ ಹೊಳೆದಂಡೆಗಳಲ್ಲಿ ಕಲಿತ ಪಾಠ ಯಾವುದು, ಆ ಪಾಠ ಇಂದು ನಮಗೆ ಏನು ಹೇಳುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮ ನಾಡಿನ ರಚನೆ ಎಲ್ಲರಿಗೂ ಗೊತ್ತಿರುವಂತಹುದೇ. ಘಟ್ಟದ ಮಳೆಕಾಡುಗಳಲ್ಲಿ ಹುಟ್ಟಿದ ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ನದಿಗಳು ಗಂಗೊಳ್ಳಿಯ ಬಳಿ ಒಂದಾಗಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ವಾರಾಹಿಯ ದಂಡೆಯ ಹಟ್ಟಿಯಂಗಡಿ ಒಂದು ಕಾಲದಲ್ಲಿ ಆಳುಪ ಅರಸರಿಗೆ ಸಂಬಂಧಿಸಿದ ಪಟ್ಟಣವಾಗಿತ್ತು. ಅಲ್ಲಿನ ಹಳೆಯ ದೇವಸ್ಥಾನ, ಬಸದಿಗಳು ಇಂದಿಗೂ ಆ ಕಾಲವನ್ನು ನೆನಪಿಸುತ್ತವೆ. ಅದೇ ನದಿಯ ಬಸ್ರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರಾಗಿತ್ತು. ರಸ್ತೆ, ಸೇತುವೆಗಳು ಇಲ್ಲದ ಆ ದಿನಗಳಲ್ಲಿ ನದಿಯೇ ದಾರಿ, ನದಿಯೇ ತಡೆ. ಕುದ್ರುವಿನಲ್ಲಿದ್ದವರಿಗೂ ಘಟ್ಟದ ಬುಡದಲ್ಲಿದ್ದವರಿಗೂ ಮಳೆಗಾಲದ ನಾಲ್ಕು ತಿಂಗಳು ಹೊರಲೋಕವೇ ಇರುತ್ತಿರಲಿಲ್ಲ. ಇಂತಹ ನಾಡಿಗೆ 1681ರಲ್ಲಿ ಮೂವತ್ತು ವರ್ಷದ ಒಬ್ಬ ಗೋವೆಯ ಯಾಜಕರು ಬಂದಿಳಿದರು.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯ ಸಾಷ್ಟಿ ಪ್ರಾಂತ್ಯದ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಸಾಂಕ್ವಾಳದ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದ. ಮನೆಮಾತು ಕೊಂಕಣಿ. ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಲಿಯಲ್ಲಿ ಲತೀನ್ ಭಾಷೆಯನ್ನೂ ಕಲಿತರು. ಮುಂದೆ ಹಳೆ ಗೋವೆಯಲ್ಲಿ ಯೇಸುಸಭೆಯವರ ಸಂತ ಪಾವ್ಲರ ಕಾಲೇಜಿನಲ್ಲಿಯೂ ದೊಮಿನಿಕನ್ ಗುರುಗಳ ವಿದ್ಯಾಸಂಸ್ಥೆಯಲ್ಲಿಯೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು.

ಗುರುವಾದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಎರಡನ್ನು ನಾವು ಇಲ್ಲಿ ಹೇಳಲೇಬೇಕು. ಒಂದು, ಬಡವರಂತೆ ಬರಿಗಾಲಿನಲ್ಲಿ ನಡೆಯಲು ಆರಂಭಿಸಿದ್ದು. ಇನ್ನೊಂದು, ಸಾಂಕ್ವಾಳದಲ್ಲಿ ಒಂದು ಲತೀನ್ ಶಾಲೆಯನ್ನು ತೆರೆದದ್ದು. ಅಂದಿನ ಗೋವೆಯಲ್ಲಿ ಸ್ಥಳೀಯ ಹುಡುಗನೊಬ್ಬ ಮುಂದೆ ಬರಬೇಕಾದರೆ ಲತೀನ್ ಬರಬೇಕಿತ್ತು. ಅದನ್ನು ಊರಿನಲ್ಲಿಯೇ ಕಲಿಸುವ ವ್ಯವಸ್ಥೆಯನ್ನು ಅವರು ಮಾಡಿದರು. ಬೋಧನೆಯೂ ಬಡತನವೂ ಅವರ ಬದುಕಿನ ಕೊನೆಯ ತನಕ ಜತೆಯಾಗಿ ನಡೆದವು. 1677ರಲ್ಲಿ ಅವರು ತಮ್ಮನ್ನು ಮರಿಯಮಾತೆಯ ದಾಸನೆಂದು ಬರೆದುಕೊಟ್ಟು ಸಮರ್ಪಣೆ ಮಾಡಿಕೊಂಡರು.

ಕೆನರಾದಲ್ಲಿ ಮೂರು ವರ್ಷಗಳು

ವಾಜ್ ಸ್ವಾಮಿಗಳ ಮನಸ್ಸು ಇದ್ದದ್ದು ಸಿಲೋನಿನ ಕಡೆಗೆ. ಆದರೆ ಗೋವೆಯ ಧರ್ಮಪೀಠವು 1681ರಲ್ಲಿ ಅವರನ್ನು ಕೆನರಾದ ವಿಗಾರ್ ವಾರ್ ಆಗಿ ನೇಮಿಸಿ ಇಲ್ಲಿಗೆ ಕಳುಹಿಸಿತು. ಅವರು ವಿಧೇಯರಾಗಿ ಬಂದರು.

ಆಗ ಇಲ್ಲಿನ ಸ್ಥಿತಿ ಸುಲಭವಾಗಿರಲಿಲ್ಲ. ಆಡಳಿತ ಕೆಳದಿಯ ನಾಯಕರದ್ದು, ಪಟ್ಟದಲ್ಲಿದ್ದವರು ರಾಣಿ ಚೆನ್ನಮ್ಮ. ಕರಾವಳಿಯ ಪೋರ್ಚುಗೀಸ್ ಕೋಟೆಗಳು ಮೂರು ದಶಕಗಳ ಹಿಂದೆಯೇ ಶಿವಪ್ಪ ನಾಯಕನ ವಶವಾಗಿದ್ದವು. 1665ರಲ್ಲಿ ಶಿವಾಜಿಯ ನೌಕಾಪಡೆ ಬಸ್ರೂರನ್ನು ದೋಚಿತ್ತು. ಕ್ರೈಸ್ತರು ಅಲ್ಲಲ್ಲಿ ಚದುರಿ ಹೋಗಿದ್ದರು, ಅನೇಕ ಊರುಗಳಲ್ಲಿ ಗುರುಗಳೇ ಇರಲಿಲ್ಲ. 1678ರ ಒಪ್ಪಂದದ ಮೂಲಕ ಕೆಲವು ಕಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತ್ತಾದರೂ ಕಟ್ಟುವವರು, ನಡೆಸುವವರು ಬೇಕಾಗಿತ್ತು.

ಇದಕ್ಕಿಂತ ದೊಡ್ಡ ಗಾಯ ಸಭೆಯ ಒಳಗೇ ಇತ್ತು. ಪೋರ್ಚುಗಲ್ ಅರಸರ ಪಾದ್ರುವಾದೊ ಹಕ್ಕಿನ ಪ್ರಕಾರ ಕೆನರಾ ಗೋವೆಯ ಆರ್ಚ್‌ಬಿಷಪರ ಅಧಿಕಾರಕ್ಕೆ ಸೇರಿದ್ದು ಎಂದು ಗೋವೆಯವರ ವಾದ. ರೋಮಿನ ಪ್ರೊಪಗಾಂದ ಸಂಸ್ಥೆಯು ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ಮಂಗಳೂರಿನಲ್ಲಿದ್ದರು. ಇವರು 1680ರಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದವರು, ಗೋವೆಯ ಮಣ್ಣಿನ ಮಗನೇ. ಒಬ್ಬರ ಕೈಯಿಂದ ಪಡೆದ ಸಂಸ್ಕಾರ ಸಲ್ಲದು ಎಂದು ಇನ್ನೊಬ್ಬರ ಕಡೆಯವರು ಹೇಳುವಷ್ಟು ಜಗಳ ಬೆಳೆದಿತ್ತು. ಬಡ ವಿಶ್ವಾಸಿಗಳು ಯಾರ ಮಾತು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು.

ವಾಜ್ ಸ್ವಾಮಿಗಳು ಗೋವೆಯ ನೇಮಕಪತ್ರ ಹಿಡಿದು ಬಂದವರು. ಅವರು ಜಗಳಕ್ಕೆ ಇನ್ನಷ್ಟು ಬೆಂಕಿ ಹಾಕಬಹುದಿತ್ತು. ಆದರೆ ಅವರು ನೇರವಾಗಿ ಬಿಷಪರ ಬಳಿಗೆ ಹೋಗಿ, ವಿನಯದಿಂದ ವಿಷಯ ಮಂಡಿಸಿ, ರೋಮಿನ ಅಂತಿಮ ತೀರ್ಮಾನ ಬರುವ ತನಕ ಜನರ ಆತ್ಮಗಳ ಆರೈಕೆ ನಿಲ್ಲದಂತೆ ಒಂದು ಹೊಂದಾಣಿಕೆಗೆ ಬಂದರು. ಬಿಷಪರಿಂದಲೂ ಸೇವೆಯ ಅಧಿಕಾರವನ್ನು ಪಡೆದುಕೊಂಡರು. ಯಾರ ಹಕ್ಕು ದೊಡ್ಡದು ಎಂಬ ಪ್ರಶ್ನೆಯನ್ನು ಮೇಲಿನವರಿಗೆ ಬಿಟ್ಟು, ಕಾಯಿಲೆಯವನಿಗೆ ಕೊನೆಯ ಸಂಸ್ಕಾರ ಸಿಗುತ್ತದೆಯೇ, ಮಗುವಿಗೆ ಪ್ರಾರ್ಥನೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ತಮ್ಮದನ್ನಾಗಿ ಮಾಡಿಕೊಂಡರು.

ಅನಂತರದ ಮೂರು ವರ್ಷ ಅವರು ಕೂತದ್ದೇ ಕಡಿಮೆ. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರ ಹೀಗೆ ಕರಾವಳಿಯ ಉದ್ದಕ್ಕೂ ನಡೆದರು. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಭ್ರಾತೃಸಂಘಗಳನ್ನು ಸ್ಥಾಪಿಸಿದರು, ಮಕ್ಕಳಿಗಾಗಿ ಸಣ್ಣ ಸಣ್ಣ ಶಾಲೆಗಳನ್ನು ಆರಂಭಿಸಿದರು. ಈ ಶಾಲೆಗಳನ್ನು ಇಂದಿನ ಕಟ್ಟಡಗಳಂತೆ ಕಲ್ಪಿಸಿಕೊಳ್ಳಬಾರದು. ಇಗರ್ಜಿಯ ಪಕ್ಕದ ಚಪ್ಪರವೋ ಮನೆಯ ಜಗಲಿಯೋ ಸಾಕಾಗುತ್ತಿದ್ದ ಕಾಲವದು. ಗುರುಗಳು ವರ್ಷಕ್ಕೊಮ್ಮೆ ಮಾತ್ರ ಬರುವ ಊರಿನಲ್ಲಿ ವಿಶ್ವಾಸವೂ ಅಕ್ಷರವೂ ಉಳಿಯಬೇಕಾದರೆ ಊರಿನವರೇ ಕಲಿಸುವಂತಾಗಬೇಕು ಎಂಬುದು ಅವರಿಗೆ ಇಲ್ಲಿಯೇ ಮನದಟ್ಟಾಯಿತು.

ಕುಂದಾಪುರದ ಪವಿತ್ರ ರೊಜಾರಿ ಮಾತೆಯ ದೇವಾಲಯವು 1570ರಲ್ಲಿ ಸ್ಥಾಪನೆಯಾದದ್ದು, ನಮ್ಮ ಉಡುಪಿ ಧರ್ಮಪ್ರಾಂತ್ಯದ ಅತ್ಯಂತ ಹಳೆಯ ಧರ್ಮಕೇಂದ್ರವೆಂದು ಹೆಸರಾದದ್ದು. ವಾಜ್ ಸ್ವಾಮಿಗಳು ಇಲ್ಲಿ ಸೇವೆ ಸಲ್ಲಿಸಿದ ನೆನಪನ್ನು, ಶಿಲುಬೆಯ ಮುಂದೆ ಪ್ರಾರ್ಥನೆಯಲ್ಲಿ ತಲ್ಲೀನರಾಗುತ್ತಿದ್ದ ನೆನಪನ್ನು ಧರ್ಮಕೇಂದ್ರದ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಮಂಗಳೂರಿನ ಬಳಿಯ ಮುಡಿಪು ಗುಡ್ಡದ ಚಿಲುಮೆಗಳಿಗೂ ಅವರ ಹೆಸರಿಗೂ ಇರುವ ನಂಟನ್ನು ನಂಬಿ ಇಂದಿಗೂ ಸಾವಿರಾರು ಯಾತ್ರಿಕರು ಅಲ್ಲಿಗೆ ಹೋಗುತ್ತಾರೆ.

ಕೂಲಿಯ ವೇಷದಲ್ಲಿ ಸಿಲೋನಿಗೆ

1684ರಲ್ಲಿ ಗೋವೆಗೆ ಮರಳಿದ ವಾಜ್ ಸ್ವಾಮಿಗಳು ಹಳೆ ಗೋವೆಯಲ್ಲಿ ಒಟ್ಟಾಗಿ ಜೀವಿಸಲು ಬಯಸಿದ್ದ ಕೆಲವು ಸ್ಥಳೀಯ ಯಾಜಕರನ್ನು ಸೇರಿಕೊಂಡರು. 1685ರ ಸೆಪ್ಟೆಂಬರಿನಲ್ಲಿ ಅವರು ಈ ಸಮೂಹದ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಒರೆಟರಿಯ ಮಾದರಿಯಲ್ಲಿ ರೂಪುಗೊಂಡ ಈ ಸಮೂಹವು ಭಾರತೀಯ ಯಾಜಕರೇ ನಡೆಸಿದ ಮೊದಲ ಧಾರ್ಮಿಕ ಸಂಸ್ಥೆಗಳಲ್ಲಿ ಒಂದು.

ಆದರೆ ಅವರ ಕಿವಿಯಲ್ಲಿ ಸಿಲೋನಿನ ಕೂಗು ನಿಂತಿರಲಿಲ್ಲ. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಗೆದ್ದುಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅವರಿಗೆ ಆಸರೆ ಕೊಟ್ಟವರಿಗೂ ಕಠಿಣ ಶಿಕ್ಷೆ ಇತ್ತು. ಸುಮಾರು ಮೂವತ್ತು ವರ್ಷ ಆ ದ್ವೀಪದ ಕಥೋಲಿಕರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬದುಕಿದ್ದರು.

1686ರಲ್ಲಿ ಅವರು ಜುವಾಂವ್ ಎಂಬ ಸೇವಕನ ಜತೆ ಗೋವೆಯಿಂದ ಹೊರಟರು. ತೂತುಕುಡಿಯಲ್ಲಿ ಕೂಲಿಯವನ ವೇಷ ಧರಿಸಿ ದೋಣಿ ಹತ್ತಿದರು. ಗೋವೆಯ ಕ್ರೈಸ್ತರಲ್ಲಿ ಜಾತಿಯ ಮೇಲುಕೀಳು ಅಳಿದಿರದ ಕಾಲವದು. ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದ ಯಾಜಕರೊಬ್ಬರು ಸೊಂಟಕ್ಕೆ ತುಂಡುಬಟ್ಟೆ ಸುತ್ತಿ, ಸೇವಕನ ಜತೆ ಸೇವಕನಾಗಿ, ಬೇಡಿ ಉಣ್ಣುವವನಾಗಿ ಹೋದದ್ದು ಬರಿಯ ವೇಷವಾಗಿ ಉಳಿಯಲಿಲ್ಲ. ಸಮುದ್ರಯಾನದ ಕಷ್ಟದಿಂದ ಭೇದಿ ಹಿಡಿದು, 1687ರಲ್ಲಿ ಜಾಫ್ನಾ ತಲಪುವಾಗ ಅವರು ಸಾಯುವ ಸ್ಥಿತಿಯಲ್ಲಿದ್ದರು. ಬಡ ಹೆಂಗಸರು ಕೊಟ್ಟ ಗಂಜಿಯಿಂದ ಜೀವ ಉಳಿಯಿತು ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಗುಣವಾದ ಮೇಲೆ ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಆ ಜಪಮಾಲೆಯ ಮೇಲೆ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಹೀಗೆ ಅಡಗಿದ್ದ ಕಥೋಲಿಕರನ್ನು ಒಬ್ಬೊಬ್ಬರಾಗಿ ಗುರುತಿಸಿದರು. ಜಾಫ್ನಾ ಬಳಿಯ ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ನೆಲೆಯಾಯಿತು. ರಾತ್ರಿ ಬಲಿಪೂಜೆ, ಬೆಳಗಾಗುವ ಮೊದಲು ಬೇರೆ ಮನೆಗೆ. ಕೊನೆಗೆ ಕ್ರಿಸ್ತಜಯಂತಿಯ ಒಂದು ರಾತ್ರಿ ಡಚ್ ಸೈನಿಕರು ದಾಳಿ ಮಾಡಿದರು. ಸ್ವಾಮಿಗಳು ತಪ್ಪಿಸಿಕೊಂಡರು, ಆದರೆ ವಿಶ್ವಾಸಿಗಳು ಸೆರೆಯಾದರು, ಹೊಡೆತ ತಿಂದರು.

ಇಲ್ಲಿ ಒಂದು ವಿಷಯ ನಾವು ಗಮನಿಸಬೇಕು. ಡಚ್ಚರು ಕ್ರೂರಿಗಳು ಮಾತ್ರವಾಗಿರಲಿಲ್ಲ, ಅವರು ಶಾಲೆ ನಡೆಸುವವರೂ ಆಗಿದ್ದರು. ತಮ್ಮ ವಶದಲ್ಲಿದ್ದ ಊರುಗಳಲ್ಲಿ ಶಾಲೆ ಕಟ್ಟಿ, ಮಕ್ಕಳ ಹೆಸರನ್ನು ತೊಂಬೊ ಎಂಬ ದಾಖಲೆ ಪುಸ್ತಕಗಳಲ್ಲಿ ಬರೆದು, ಬಾರದವರಿಗೆ ದಂಡ ಹಾಕುತ್ತಿದ್ದರು. ಅಕ್ಷರದ ಜತೆಗೆ ತಮ್ಮ ಪಂಥವನ್ನೂ ಅಲ್ಲಿಯೇ ಕಲಿಸುತ್ತಿದ್ದರು. ಅಂದರೆ ಶಾಲೆ ಎಂಬುದು ತಾನಾಗಿಯೇ ಒಳ್ಳೆಯದಾಗುವುದಿಲ್ಲ. ಅದು ಮಗುವಿನ ಮೇಲೆ ಹಿಡಿತ ಸಾಧಿಸಲು ನಡೆಯುತ್ತದೆಯೇ, ಮಗುವನ್ನು ನಿಲ್ಲಿಸಲು ನಡೆಯುತ್ತದೆಯೇ ಎಂಬುದರ ಮೇಲೆ ಅದರ ಬೆಲೆ. ವಾಜ್ ಸ್ವಾಮಿಗಳ ಬಳಿ ದಂಡ ಹಾಕುವ ಅಧಿಕಾರ ಇರಲಿಲ್ಲ, ಕಟ್ಟಡವೂ ಇರಲಿಲ್ಲ. ಅವರ ಬಳಿ ಇದ್ದದ್ದು ಊರಿನವರ ನಂಬಿಕೆ ಮಾತ್ರ.

ಕಾಂಡಿಯ ಸೆರೆ ಮತ್ತು ಕಾಡಿನ ದಾರಿಗಳು

ಡಚ್ಚರ ಕೈಗೆ ಸಿಗದ ಭಾಗವೆಂದರೆ ದ್ವೀಪದ ನಡುವಿನ ಕಾಂಡಿ ರಾಜ್ಯ. ಮಹಾವೇಲಿ ನದಿ ಬಳಸಿ ಹರಿಯುವ ಬೆಟ್ಟಗಳ ನಡುವೆ, ದಟ್ಟ ಕಾಡಿನ ಒಳಗೆ ಆ ರಾಜಧಾನಿ ಇತ್ತು. ಕಾಡು ಮತ್ತು ನದಿಗಳೇ ಅದರ ಕೋಟೆ. 1690ರ ಸುಮಾರಿಗೆ ಸ್ವಾಮಿಗಳು ಪುತ್ತಳಂ ಬಂದರಿಗೆ ಹೋಗಿ ಅಲ್ಲಿಂದ 1692ರಲ್ಲಿ ಕಾಂಡಿ ತಲಪಿದರು. ಅರಮನೆಯಲ್ಲಿದ್ದ ಕ್ಯಾಲ್ವಿನ್ ಪಂಥದ ಫ್ರೆಂಚನೊಬ್ಬ ಇವರು ಪೋರ್ಚುಗೀಸರ ಗೂಢಚಾರರೆಂದು ದೂರು ಕೊಟ್ಟ. ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ.

ಸೆರೆಮನೆಯನ್ನೇ ಅವರು ಶಾಲೆ ಮಾಡಿಕೊಂಡರು, ಅಲ್ಲಿ ವಿದ್ಯಾರ್ಥಿಯಾಗಿದ್ದವರು ಅವರೇ. ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದ ಮೇಲೆ ಸಣ್ಣ ಗುಡಿಸಲಿನಲ್ಲಿ ಪ್ರಾರ್ಥನೆಗೆ ಜಾಗ ಮಾಡಿದರು. ಜಾಫ್ನಾದಲ್ಲಿ ತಮಿಳು, ಕಾಂಡಿಯಲ್ಲಿ ಸಿಂಹಳ. ಜನರ ಮನೆಮಾತಿನಲ್ಲಿ ಮಾತಾಡದೆ ಜನರ ಮನೆಯೊಳಗೆ ಹೋಗಲಾಗದು ಎಂಬುದು ಅವರಿಗೆ ತಿಳಿದಿತ್ತು. ಪ್ರಾರ್ಥನೆಗಳನ್ನು ಎರಡೂ ಭಾಷೆಗಳಿಗೆ ತಂದರು.

ಒಮ್ಮೆ ಭೀಕರ ಬರಗಾಲ ಬಂದಾಗ ಅರಸನು ಇವರನ್ನೂ ಪ್ರಾರ್ಥಿಸುವಂತೆ ಕೇಳಿಕೊಂಡನು. ಚೌಕದಲ್ಲಿ ಶಿಲುಬೆ ಇಟ್ಟು ಸ್ವಾಮಿಗಳು ಮೊಣಕಾಲೂರಿದರು, ಮಳೆ ಸುರಿಯಿತು ಎಂದು ಪರಂಪರೆ ಹೇಳುತ್ತದೆ. ಅರಸನ ಮನಸ್ಸು ಅವರ ಕಡೆ ತಿರುಗಿತು, ರಾಜ್ಯದಲ್ಲೆಲ್ಲ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯ ಸಿಕ್ಕಿತು. ಬೌದ್ಧ ಅರಸನೊಬ್ಬ ಕಥೋಲಿಕ ಗುರುವಿಗೆ ಆಸರೆಯಾದದ್ದು, ಕ್ರೈಸ್ತರೆನಿಸಿಕೊಂಡವರು ಅವರನ್ನು ಬೇಟೆಯಾಡಿದ್ದು ಚರಿತ್ರೆಯಲ್ಲಿ ನಾವು ಮರೆಯಬಾರದ ಸಂಗತಿ.

1697ರಲ್ಲಿ ಕಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಆಸ್ಥಾನದವರೂ ಪಟ್ಟಣ ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿಗೆ ಬಿಟ್ಟುಬರುವಂತಾಯಿತು. ವಾಜ್ ಸ್ವಾಮಿಗಳು ತಮ್ಮ ಬಂಧುವೂ ಆಗಿದ್ದ ವಂದನೀಯ ಜೋಸೆಫ್ ಕರ್ವಾಲ್ಯೊ ಅವರ ಜತೆಗೂಡಿ ಗುಡಿಸಲುಗಳನ್ನು ಕಟ್ಟಿ, ರೋಗಿಗಳನ್ನು ತಂದು ಮಲಗಿಸಿ, ತೊಳೆದು, ಉಣಿಸಿ, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರು ಎಂದು ಕೇಳಲಿಲ್ಲ. ಕಾಂಡಿಯ ಜನರ ಹೃದಯ ಗೆದ್ದದ್ದು ಈ ಗುಡಿಸಲುಗಳೇ.

ಗೋವೆಯಿಂದ ಹೊಸ ಯಾಜಕರು ಬಂದ ಮೇಲೆ ಅವರು ದ್ವೀಪವನ್ನು ವಿಭಾಗಗಳಾಗಿ ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ವಹಿಸಿದರು. ತಾವು ಮಾತ್ರ ಸುತ್ತುತ್ತಲೇ ಇದ್ದರು. ಕಾಡಿನ ದಾರಿಗಳಲ್ಲಿ ಆನೆಯ ಭಯ, ಮಳೆಯಲ್ಲಿ ಜಿಗಣೆ, ಉಕ್ಕುವ ಹೊಳೆಗಳು, ಮೈ ನಡುಗಿಸುವ ಜ್ವರ. ಆದರೂ ಅವರ ಕೆಲಸದ ಗುಟ್ಟು ಅವರ ನಡಿಗೆಯಲ್ಲಿ ಮಾತ್ರ ಇರಲಿಲ್ಲ, ಬಿಟ್ಟು ಬಂದ ಊರಿನಲ್ಲಿ ಯಾರನ್ನು ನಿಲ್ಲಿಸಿ ಬಂದರು ಎಂಬುದರಲ್ಲಿ ಇತ್ತು. ಪ್ರತಿ ಹಳ್ಳಿಯಲ್ಲಿ ನಂಬಿಕಸ್ಥ ಗೃಹಸ್ಥನೊಬ್ಬನನ್ನು ಮೂಪ್ಪನ್ ಆಗಿ, ಓದುಬರಹ ಬಲ್ಲವನೊಬ್ಬನನ್ನು ಅಣ್ಣಾವಿಯಾಗಿ ನೇಮಿಸುವ ಪದ್ಧತಿ ಬೆಳೆಯಿತು. ಭಾನುವಾರ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ತುರ್ತಿನಲ್ಲಿ ಜ್ಞಾನಸ್ನಾನ ಕೊಡುವುದು, ಜಗಳ ಬಿಡಿಸುವುದು, ಸತ್ತವರನ್ನು ಗೌರವದಿಂದ ಹೂಳುವುದು ಇವರ ಹೊಣೆ. ನಮ್ಮ ವಾಳೆಗಳ ಗುರ್ಕಾರರನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆ ಹೊಸದೆನಿಸಲಾರದು.

1705ರಲ್ಲಿ ಬಂದ ವಂದನೀಯ ಜಾಕೊಮ್ ಗೊನ್ಸಾಲ್ವಿಸ್ ಅವರ ವಿದ್ವತ್ತನ್ನು ಕಂಡ ವಾಜ್ ಸ್ವಾಮಿಗಳು ಅವರನ್ನು ಬರವಣಿಗೆಯ ಕೆಲಸಕ್ಕೆ ಹಚ್ಚಿದರು. ಗೋವೆಯ ದೀವಾಡಿ ದ್ವೀಪದವರಾದ ಗೊನ್ಸಾಲ್ವಿಸ್ 1742ರಲ್ಲಿ ತೀರಿಕೊಳ್ಳುವ ತನಕ ಸಿಂಹಳ ಮತ್ತು ತಮಿಳಿನಲ್ಲಿ ಹತ್ತಾರು ಕೃತಿಗಳನ್ನು ರಚಿಸಿ, ಸಿಂಹಳ ಕಥೋಲಿಕ ಸಾಹಿತ್ಯದ ಪಿತಾಮಹರೆನಿಸಿಕೊಂಡರು. ಹಳ್ಳಿಯ ಅಣ್ಣಾವಿಯ ಕೈಗೆ ಓದಲು ಪುಸ್ತಕ ಸಿಕ್ಕಿತು. ಕಲಿಸುವವನೂ ಕಲಿಸಲು ಪುಸ್ತಕವೂ ಊರಿನಲ್ಲೇ ಇದ್ದರೆ ಗುರು ವರ್ಷಕ್ಕೊಮ್ಮೆ ಬಂದರೂ ದೀಪ ಆರದು.

ಬಿಷಪ್ ಪದವಿಯ ಮಾತು ಬಂದಾಗ ಅವರು ಅದನ್ನು ಒಲ್ಲೆನೆಂದರು. ಇಪ್ಪತ್ತನಾಲ್ಕು ವರ್ಷಗಳ ದುಡಿಮೆಯಲ್ಲಿ ಒಮ್ಮೆಯೂ ಗೋವೆಗೆ ಮರಳಲಿಲ್ಲ. 1711ರ ಜನವರಿ 16ರಂದು ಕಾಂಡಿಯಲ್ಲಿ ತಮ್ಮ 59ನೇ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅವರ ಸಮಾಧಿ ಇರುವ ಜಾಗ ಇಂದು ಯಾರಿಗೂ ತಿಳಿಯದು. ಆದರೆ ಅವರು ನಿಲ್ಲಿಸಿದ ಸಭೆ ನಿಂತಿತು. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ನಗರದ ಕಡಲತೀರದ ಬಯಲಿನಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತ ಪದವಿಗೇರಿಸಿದರು.

ನಮ್ಮ ಹೊಳೆದಂಡೆಗಳಲ್ಲಿ ಇಂದು

ಪ್ರಿಯ ಓದುಗರೇ, ಸಂತರ ಜೀವನವನ್ನು ಓದಿ ಮೇಣದಬತ್ತಿ ಹಚ್ಚಿದರೆ ಕೆಲಸ ಮುಗಿಯಿತೇ? ನಾವು ಹಾಗೆ ಭಾವಿಸುವುದಿಲ್ಲ. ವಾಜ್ ಸ್ವಾಮಿಗಳು ಈಗ ಕುಂದಾಪುರದಿಂದ ಹಟ್ಟಿಯಂಗಡಿ ದಾಟಿ ಘಟ್ಟದ ಕಡೆ ನಡೆದರೆ ಸೇತುವೆಗಳನ್ನು, ಡಾಂಬರು ರಸ್ತೆಗಳನ್ನು, ಶಾಲಾ ವಾಹನಗಳನ್ನು ಕಾಣುತ್ತಾರೆ. ಆದರೆ ರಸ್ತೆಯಿಂದ ಒಳಗೆ ಇಳಿದರೆ ಅಡಿಕೆ ಮರದ ಕಾಲುಸಂಕಗಳನ್ನೂ ಕಾಣುತ್ತಾರೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಪುಟ್ಟ ಬಾಲಕಿಯೊಬ್ಬಳು ಶಾಲೆಯಿಂದ ಮನೆಗೆ ಹಿಂದಿರುಗುವಾಗ ಕಾಲುಸಂಕದಿಂದ ಜಾರಿ ಹಳ್ಳದ ನೀರಿನಲ್ಲಿ ಕೊಚ್ಚಿಹೋದಳು. ಆ ಸುದ್ದಿ ಓದಿ ನಾವೆಲ್ಲರೂ ಮರುಗಿದೆವು. ಮರುಕ ಒಂದು ವಾರ ಇರುತ್ತದೆ, ಮಳೆಗಾಲ ಪ್ರತಿ ವರ್ಷ ಬರುತ್ತದೆ.

ಕಥೋಲಿಕ ಶಾಲೆಗಳೆಂದರೆ ಕರಾವಳಿಯಲ್ಲಿ ಹೆಮ್ಮೆಯ ಹೆಸರು. ಅದು ಸರಿಯೇ. ಆದರೆ ನಮ್ಮ ದೊಡ್ಡ ಶಾಲೆಗಳು ಹೆದ್ದಾರಿಯ ಬದಿಯಲ್ಲಿವೆ, ಪೇಟೆಯ ನಡುವೆ ಇವೆ. ಹೊಳೆಯ ಆಚೆ ಇರುವ ಮಗುವಿಗೆ ಹತ್ತಿರದಲ್ಲಿರುವುದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, ಅಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾದರೆ ಅದೂ ಉಳಿಯುವುದು ಕಷ್ಟ. ಆ ಶಾಲೆ ನಮ್ಮದಲ್ಲ ಎಂದು ನಾವು ಸುಮ್ಮನಿರಬೇಕೇ? ಸಿಡುಬಿನ ಗುಡಿಸಲಿನಲ್ಲಿ ಧರ್ಮ ಕೇಳದ ಸಂತರ ಮಕ್ಕಳು ಶಾಲೆಯ ಫಲಕ ನೋಡಿ ಸಹಾಯ ಅಳೆಯುವುದು ಒಪ್ಪುವ ಮಾತಲ್ಲ.

ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆ, ಯುವಜನರು ಈ ವರ್ಷದ ಹಬ್ಬಕ್ಕೆ ಮೊದಲು ಕೆಲವು ಕೆಲಸಗಳನ್ನು ಯೋಚಿಸಬಹುದು. ಪ್ರತಿ ವಾಳೆಯ ಗುರ್ಕಾರರು ತಮ್ಮ ವ್ಯಾಪ್ತಿಯಲ್ಲಿ ಶಾಲೆಗೆ ಹೋಗಲು ಹಳ್ಳ ದಾಟಬೇಕಾದ ಮಕ್ಕಳಿದ್ದಾರೆಯೇ ಎಂದು ಪಟ್ಟಿ ಮಾಡಬಹುದು, ಯಾವ ಜಾತಿ ಧರ್ಮದ ಮಕ್ಕಳಾದರೂ ಸರಿ. ಆ ಪಟ್ಟಿಯನ್ನು ಹಿಡಿದು ಗ್ರಾಮಸಭೆಗೆ ಹೋಗಿ ಕಾಲುಸಂಕದ ಬದಲು ಗಟ್ಟಿಯಾದ ಕಿರುಸೇತುವೆ ಕೇಳಬಹುದು. ನಿವೃತ್ತ ಶಿಕ್ಷಕರು, ಧರ್ಮಭಗಿನಿಯರು ವಾರಕ್ಕೆ ಎರಡು ಸಂಜೆ ಅಲ್ಲಿಯೇ ಹೋಗಿ, ಅಂಗನವಾಡಿಯ ಜಗಲಿಯಲ್ಲಿ ಮಕ್ಕಳ ಪಾಠ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಆ ಊರಿನಲ್ಲಿ ಪಿಯುಸಿ ಮುಗಿಸಿದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಗುರುತಿಸಿ, ಮುಂದಿನ ಓದಿಗೆ ನೆರವಾಗಿ, ಕಲಿಸುವ ಹೊಣೆಯನ್ನು ಅವರ ಕೈಗೆ ಕೊಡಬಹುದು. ವಾಜ್ ಸ್ವಾಮಿಗಳ ಅಣ್ಣಾವಿ ಇವರೇ.

ಇಂತಹ ಕೆಲಸಕ್ಕೆ ದೊಡ್ಡ ನಿಧಿ ಬೇಕೆಂದು ಹೇಳುವವರಿದ್ದಾರೆ. ನಿಧಿ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ಹಣ ಕಳುಹಿಸಿ ಫೋಟೊ ತೆಗೆಸಿಕೊಂಡು ಬಂದರೆ ಮರುವರ್ಷ ಅಲ್ಲಿ ಏನೂ ಉಳಿದಿರುವುದಿಲ್ಲ. ನಾವು ಕಂಡಂತೆ, ವಾಜ್ ಸ್ವಾಮಿಗಳ ಕ್ರಮ ನಾಲ್ಕು ಹೆಜ್ಜೆಗಳದ್ದು. ಮೊದಲು ತಾನೇ ಅಲ್ಲಿಗೆ ಹೋಗುವುದು, ಅಲ್ಲಿನವರ ಮಾತು ಕಲಿಯುವುದು, ಕಷ್ಟದಲ್ಲಿ ಜತೆ ನಿಲ್ಲುವುದು, ಕೊನೆಗೆ ಕೆಲಸವನ್ನು ಅಲ್ಲಿನವರಿಗೇ ಒಪ್ಪಿಸುವುದು. ಈ ನಾಲ್ಕರಲ್ಲಿ ಯಾವುದಕ್ಕೂ ಕಟ್ಟಡ ಬೇಕಾಗಿಲ್ಲ. ಗೋವೆ ಮತ್ತು ರೋಮಿನ ಜಗಳದ ನಡುವೆ ಅವರು ತೋರಿಸಿದ ತಾಳ್ಮೆಯೂ ನಮಗೆ ಬೇಕು. ಯಾವ ಸಂಘದ ಹೆಸರಿನಲ್ಲಿ ಕೆಲಸ ನಡೆಯಬೇಕು, ಉದ್ಘಾಟನೆಗೆ ಯಾರು ಎಂಬ ಚರ್ಚೆಯಲ್ಲಿ ಒಂದು ಮಳೆಗಾಲ ಕಳೆದುಹೋದರೆ, ಆ ನಷ್ಟ ಹೊಳೆಯಾಚೆಯ ಮಗುವಿನದ್ದು.

2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ, ವಾಜ್ ಸ್ವಾಮಿಗಳು ಬರಿಗಾಲಿನಲ್ಲಿ ನಡೆದ ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಗಂಗೊಳ್ಳಿಯ ನೆಲವೆಲ್ಲ ಒಂದೇ ಕುಟುಂಬವಾಯಿತು. ಆ ನೆಲದಲ್ಲಿ ಅವರು ಬಿತ್ತಿದ ಮೊದಲ ಸಣ್ಣ ಶಾಲೆಗಳು ಮಣ್ಣಾಗಿ ಎಷ್ಟೋ ಕಾಲವಾಯಿತು, ಆದರೆ ಅವರು ಕೇಳಿದ ಪ್ರಶ್ನೆ ಮಣ್ಣಾಗಿಲ್ಲ: ಗುರು ತಲಪದ ಊರಿನಲ್ಲಿ ಮಗುವಿಗೆ ಯಾರು ಕಲಿಸುತ್ತಾರೆ? ಈ ಜನವರಿ 16ರಂದು ಬಲಿಪೂಜೆ ಮುಗಿಸಿ ಹೊರಬರುವಾಗ, ನಮ್ಮ ನಮ್ಮ ಧರ್ಮಕೇಂದ್ರದ ಕೊನೆಯ ಮನೆ ಯಾವ ಹೊಳೆಯ ಆಚೆಗಿದೆ ಎಂದು ವಿಚಾರಿಸಿ, ಅಲ್ಲಿಗೆ ಒಮ್ಮೆ ಹೋಗಿ ಬರೋಣ. ಸಂತ ಜೋಸೆಫ್ ವಾಜ್ ನಮಗಾಗಿ ಪ್ರಾರ್ಥಿಸಲಿ.